ವಾಲ್ಟರನಿಗೆ ಪನ್ನೀರು ಹಾಕಿದ್ದು

ಗೋಸುಂಬೆ ನೋಡಿಕೊಳ್ಳುವುದೂ ಒಂದು ಕೆಲಸವೇ? ಮೈಸೂರಿನಲ್ಲಿ ನಮ್ಮ ಮನೆಯ ಬೇಲಿಯ ಮೇಲೆ ಅವು ತಾವಾಗಿ ಹುಟ್ಟಿ, ತಾವಾಗಿ ಬೆಳೆದು, ತಾವಾಗಿ ಸಂಸಾರ ಮಾಡಿಕೊಂಡಿದ್ದವು. ಯಾರೂ ಅವಕ್ಕೆ ಒಂದು ಲೋಟ ನೀರು ಕೊಟ್ಟದ್ದನ್ನು ನಾನು ಕಂಡಿಲ್ಲ. ಆದ್ದರಿಂದ ನಮ್ಮ ಮನೆ ಒಡತಿ ಮಿಸಸ್ ಡಾಬ್ಸನ್ ಫ್ಲಾರಿಡಾದಲ್ಲಿರುವ ತಂಗಿಯ ಮನೆಗೆ ಹೊರಟಾಗ, “ನಮ್ಮ ವಾಲ್ಟರನನ್ನು ನೋಡಿಕೊಳ್ಳುತ್ತೀಯಾ?” ಎಂದು ಕೇಳಿದ್ದೇ ತಡ, “ಶೂರ್” ಎಂದುಬಿಟ್ಟೆ.

ಹಾಗೆನ್ನಲು ಇನ್ನೊಂದು ಕಾರಣವೂ ಇತ್ತು. ಆಗಿನ್ನೂ ಎಪ್ಪತ್ತರ ದಶಕದ ಆರಂಭ. ಅಮೆರಿಕದ ಕ್ವೀನ್ಸ್‌ನಲ್ಲಿ ಅವರ ಮನೆಯ ಮಹಡಿಯ ಮೇಲೆ ನಾವು ಬಾಡಿಗೆಗಿದ್ದೆವು, ಕೆಳಗೆ ಅವರು. ನನಗೆ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆ ಊರಿನಿಂದ ಅಮ್ಮ ಬರಬೇಕು. ಆದರೆ ಮಹಡಿಯ ಮೇಲೆ ಇಬ್ಬರಿಗಿಂತ ಹೆಚ್ಚು ಜನ ಇರಕೂಡದು ಎಂಬುದು ಮಿಸಸ್ ಡಾಬ್ಸನ್ ಮಾಡಿದ ಕಾನೂನು. ಹುಟ್ಟುವ ಮಗುವಿಗೆ ಹೇಗೋ ರಿಯಾಯಿತಿ ಸಿಕ್ಕಿತ್ತು. ಅಮ್ಮನ ವಿಷಯ ಎತ್ತಿದಾಗ ಮಾತ್ರ, “ಫ್ಲಾರಿಡಾದಿಂದ ಬಂದು ಹೇಳುತ್ತೇನೆ” ಎಂದಿದ್ದರು. ಅಮ್ಮನಿಲ್ಲದೆ ಹೆರಿಗೆ ಎನ್ನುವುದನ್ನು ನೆನೆಯುವ ಧೈರ್ಯವೂ ನನಗಿರಲಿಲ್ಲ. ಅಂಥ ಹೊತ್ತಿನಲ್ಲಿ ಅವರು ಗೋಸುಂಬೆಯಲ್ಲ, ಮೊಸಳೆ ಕೊಟ್ಟಿದ್ದರೂ ನಾನು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದೆ!

ವಾಲ್ಟರ್ ಎಂಬುದು ಅವರ ತೀರಿಕೊಂಡ ಗಂಡನ ಹೆಸರು. ಗೋಸುಂಬೆಗೂ ಅದನ್ನೇ ಇಟ್ಟಿದ್ದರು. ಹಸಿರು ಮೈ, ಮೂಗಿನ ಮೇಲೆ ಮೂರು ಕೊಂಬು, ಒಂದು ಕಣ್ಣು ನನ್ನ ಕಡೆ, ಇನ್ನೊಂದು ಅಡಿಗೆಮನೆಯ ಕಡೆ. ಗಿಡದ ಕುಂಡ ಸಮೇತ ದೊಡ್ಡ ಪಂಜರವನ್ನು ನಮ್ಮವರು ಉಸ್ಸಪ್ಪಾ ಎಂದು ಮಹಡಿಗೆ ಹೊತ್ತು ತಂದರು. “ಇವನಿಗೆ ಕ್ರಿಕೆಟ್ ಅಂದರೆ ಪ್ರಾಣ” ಎಂದು ಮಿಸಸ್ ಡಾಬ್ಸನ್ ಹೇಳಿದಾಗ, ಅಮೆರಿಕಕ್ಕೆ ಬಂದ ಮೇಲೆ ಮೊದಲ ಬಾರಿಗೆ ನಮ್ಮವರ ಮುಖ ಅರಳಿತು. ಆಮೇಲೆ ಆಕೆ ಹುಳ ತುಂಬಿದ ಡಬ್ಬ ಕೈಗಿತ್ತರು. ಇಲ್ಲಿ ಆ ಹುಳದ ಹೆಸರೇ ಕ್ರಿಕೆಟ್ ಅಂತೆ. ಸಸ್ಯಾಹಾರಿಗಳ ಮನೆಗೆ ಜೀವಂತ ಹುಳಗಳ ಆಗಮನವಾಯಿತು.

ಟ್ಯಾಕ್ಸಿ ಹತ್ತುವ ಮುಂಚೆ ಆಕೆ ಕಡೆಯದಾಗಿ ಒಂದು ಮಾತು ಹೇಳಿದರು. ನಮ್ಮಿಬ್ಬರ ಕಿವಿಗೂ ಬಿದ್ದದ್ದು ಇಷ್ಟು: “ಜಸ್ಟ್ ಮಿಸ್ ಹಿಮ್ ಟ್ವೈಸ್ ಎ ಡೇ, ಡಿಯರ್.”

ಟ್ಯಾಕ್ಸಿ ಹೋದ ಮೇಲೆ ಈ ವಾಕ್ಯದ ಅರ್ಥ ಕುರಿತು ನಮ್ಮ ಮನೆಯಲ್ಲಿ ವಿಚಾರಗೋಷ್ಠಿ ನಡೆಯಿತು.

“ಪಾಪ, ಗಂಡನ ಹೆಸರು ಇಟ್ಟಿದಾರೆ ನೋಡಿ. ದಿನಕ್ಕೆರಡು ಸಲ ಅವನನ್ನ ಪ್ರೀತಿಯಿಂದ ನೆನೆಸ್ಕೊಳ್ಳಿ ಅಂತ” ಎಂದೆ ನಾನು.

“ಎದುರಿಗೇ ಇರೋನನ್ನ ನೆನೆಸ್ಕೊಳ್ಳೋದೇನು ಬಂತು?” ನಮ್ಮವರು ಎಂಜಿನಿಯರ್. ಯಾವ ತಪ್ಪನ್ನೂ ತರ್ಕಬದ್ಧವಾಗಿಯೇ ಮಾಡುತ್ತಾರೆ. “ಮಿಸ್ ಅಂದ್ರೆ ತಪ್ಪಿಸೋದು ಕಣೇ. ಮೂರು ಹೊತ್ತಲ್ಲಿ ಎರಡು ಹೊತ್ತು ಊಟ ತಪ್ಪಿಸಿ, ಒಂದೇ ಹೊತ್ತು ಹಾಕಿ ಅಂತ.”

ಯಾವುದಕ್ಕೂ ಇರಲಿ ಎಂದು ಎರಡನ್ನೂ ಪಾಲಿಸಿದೆವು. ಬೆಳಿಗ್ಗೆ ಅವರು ಕಣ್ಣು ಮುಚ್ಚಿಕೊಂಡು ಹುಳ ಹಾಕುವರು. ಬೆಳಿಗ್ಗೆ ಸಂಜೆ ನಾನು ಊದಿದ ಕಾಲೆಳೆದುಕೊಂಡು ಹೋಗಿ ಪಂಜರದ ಮುಂದೆ ನಿಂತು, “ವಾಲ್ಟರ್, ವಿ ಮಿಸ್ ಯು” ಎಂದು ಹೇಳುವೆ. ಬಟ್ಟಲಲ್ಲಿ ನೀರಿಟ್ಟೆ. ಅವನು ತಿರುಗಿಯೂ ನೋಡಲಿಲ್ಲ. ನಮ್ಮ ಬೇಲಿಯವೂ ಕೇಳಿರಲಿಲ್ಲವಲ್ಲ ಎಂದು ನಾನೂ ಸುಮ್ಮನಾದೆ.

ಚಳಿಗಾಲ. ರೇಡಿಯೇಟರ್ ಹಗಲೂ ರಾತ್ರಿ ಬುಸ್ ಎನ್ನುತ್ತ ಮನೆಯ ಗಾಳಿಯನ್ನೆಲ್ಲ ಒಣಗಿಸುತ್ತಿತ್ತು. ನಮ್ಮ ತುಟಿಯೇ ಒಡೆದಿತ್ತು. ಕೆಲವು ದಿನಗಳಲ್ಲಿ ವಾಲ್ಟರ್ ಕಂದಿ ಕರ್ರಗಾದ.

“ಬಣ್ಣ ಬದಲಾಯಿಸೋದು ಅದರ ಜಾಯಮಾನ” ಎಂದರು ನಮ್ಮವರು.

“ಕಣ್ಣೂ ಗುಳಿ ಬಿದ್ದಿದೆಯಲ್ರೀ.”

“ಯೋಚನೆ ಮಾಡ್ತಿರಬೇಕು.”

ಆ ಸಂಜೆ ಫ್ಲಾರಿಡಾದಿಂದ ಫೋನ್ ಬಂತು. ವಾಲ್ಟರ್ ಹೇಗಿದ್ದಾನೆ ಎಂದು ಕೇಳಿ, ಆಕೆ ಮುಂದುವರಿಸಿದರು: “ಆರ್ ಯು ಮಿಸ್ಸಿಂಗ್ ಹಿಮ್?”

“ವೆರಿ ಮಚ್” ಎಂದೆ.

“ದಿನಕ್ಕೆರಡು ಸಲ?”

“ಒಮ್ಮೊಮ್ಮೆ ಮೂರು ಸಲ.”

“ಗುಡ್ ಗರ್ಲ್. ಎಲೆಯಿಂದ ನೀರು ತೊಟತೊಟ ಸುರಿಯಬೇಕು, ಅಲ್ಲಿವರೆಗೂ ನಿಲ್ಲಿಸಬಾರದು.”

ನಾನು ತಡವರಿಸಿದೆ. “ಅಷ್ಟೊಂದು ಅಳು ಬರಲ್ಲ, ಮಿಸಸ್ ಡಾಬ್ಸನ್.”

ಆಕೆ ಬಿದ್ದು ಬಿದ್ದು ನಕ್ಕರು. ನಾನು ತಮಾಷೆ ಮಾಡಿದೆ ಎಂದುಕೊಂಡರಂತೆ! ಆಮೇಲೆ ತಾವಾಗಿಯೇ ವಿವರಿಸಿದರು. ವಾಲ್ಟರನಿಗೆ ಬಟ್ಟಲ ನೀರು ನೀರೆಂದೇ ತಿಳಿಯುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ಮಾತ್ರ ನೆಕ್ಕಿ ಕುಡಿಯುತ್ತಾನೆ. ಅದಕ್ಕೇ ಗಿಡದ ಮೇಲೆ ಮಂಜಿನ ಹಾಗೆ ನೀರು ಚಿಮುಕಿಸಬೇಕು. ಅದರ ಹೆಸರು ಮಿಸ್ಟ್. ಆ ಕೊನೆಯ ‘ಟ್’ ಅವತ್ತು ಟ್ಯಾಕ್ಸಿಯ ಸದ್ದಿನಲ್ಲಿ, ಇವತ್ತು ಫೋನಿನ ಗರಗರದಲ್ಲಿ ಹೋಗಿತ್ತು. “ನೀರು ತಪ್ಪಿದರೆ ಒಣಗಿ ಸತ್ತೇ ಹೋಗುತ್ತಾನೆ” ಎಂದು ಆಕೆ ಸಲೀಸಾಗಿ ಹೇಳಿ ಫೋನ್ ಇಟ್ಟರು.

ಸಾಯುತ್ತಿರುವುದು ಬರೀ ಗೋಸುಂಬೆಯಲ್ಲ, ನನ್ನ ಬಾಣಂತನ. ನೀರು ಚಿಮುಕಿಸುವ ಸಾಧನ ಮನೆಯಲ್ಲಿ ಏನಿದೆ? ಪೆಟ್ಟಿಗೆಯ ತಳದಲ್ಲಿ ನನ್ನ ಮದುವೆಯ ಬೆಳ್ಳಿ ಪನ್ನೀರುದಾನಿ ಇತ್ತು. ಅಷ್ಟು ದೂರದಿಂದ ಅದನ್ನು ಯಾಕೆ ತಂದಿದ್ದೇನೆಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ನೀರು ತುಂಬಿ, ಬೀಗರಿಗೆ ಚಿಮುಕಿಸುವ ಹಾಗೆ ವಾಲ್ಟರನ ಗಿಡಕ್ಕೆ ಚಿಮುಕಿಸಿದೆ. ಒಳಗೆ ಹಳೆಯ ಗುಲಾಬಿ ವಾಸನೆ ಉಳಿದಿತ್ತು. ಅವನೊಬ್ಬನೇ ಆ ದೇಶದಲ್ಲಿ ಪನ್ನೀರಿನ ಸ್ವಾಗತ ಪಡೆದ ಗೋಸುಂಬೆಯಿರಬೇಕು. ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ ಬಾಯಿ ತೆರೆದು ಒಂದು ಹನಿ ನೆಕ್ಕಿದ. ಇನ್ನೊಂದು ನೆಕ್ಕಿದ. ಈಗ ನನಗೆ ನಿಜವಾಗಿ ಅಳು ಬಂತು.

ಅವತ್ತಿನಿಂದ ಬೆಳಿಗ್ಗೆ ಸಂಜೆ ಪನ್ನೀರುದಾನಿ ಹಿಡಿದು ನಿಲ್ಲುವುದೇ ಕೆಲಸ. ವಾಲ್ಟರ್ ಹಸಿರಾಗುತ್ತ ಬಂದ, ನಾನು ಕಂದುತ್ತ ಬಂದೆ. ಸೊಂಟ ಹಿಡಿದುಕೊಂಡಿತು. ನಮ್ಮವರಿಗೆ ಕನಿಕರ ಹುಟ್ಟಿತು. ಅವರ ಕನಿಕರ ಯಾವಾಗಲೂ ಯಂತ್ರದ ರೂಪದಲ್ಲಿ ಬರುತ್ತದೆ.

“ನೀನು ಕೂತ್ಕೋ. ನಾನೊಂದು ಸಿಸ್ಟಮ್ ಮಾಡ್ತೀನಿ” ಎಂದರು.

ಕಾಫಿ ಡಬ್ಬಕ್ಕೆ ಮೊಳೆಯಿಂದ ತೂತು ಹೊಡೆದು ಪಂಜರದ ಮೇಲೆ ತೂಗುಹಾಕಿದರು. ಈಶ್ವರನ ತಲೆಯ ಮೇಲೆ ಬಿದ್ದಂತೆ ಹನಿ ಹನಿಯಾಗಿ ನೀರು ಎಲೆಗೆ ಬೀಳತೊಡಗಿತು. ಕೆಳಗೊಂದು ಪರಾತ. ನಿಜ ಹೇಳುತ್ತೇನೆ, ಚೆನ್ನಾಗಿಯೇ ಇತ್ತು. ಅಲ್ಲಿಗೆ ಬಿಟ್ಟಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ಮಿಸಸ್ ಡಾಬ್ಸನ್ ಬರುವ ಹಿಂದಿನ ದಿನ, ಫ್ಲೋರಲ್ ಪಾರ್ಕಿನ ಗೆಳತಿಯೊಬ್ಬಳ ಮನೆಯಲ್ಲಿ ನನಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ಸಂಜೆಯವರೆಗೆ ಡಬ್ಬದ ನೀರು ಸಾಲದೆಂದು ನಮ್ಮವರು ಕಪಾಟಿನ ಮೇಲೆ ಬಕೆಟ್ ತುಂಬಿಟ್ಟು, ರಬ್ಬರ್ ಕೊಳವೆಯನ್ನು ಪಂಜರದೊಳಕ್ಕೆ ಇಳಿಬಿಟ್ಟು, ಹನಿ ಮಾತ್ರ ಬರುವ ಹಾಗೆ ಅದಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದರು.

“ಕ್ಲಿಪ್ ಜಾರಿದ್ರೆ?” ಎಂದೆ.

“ಅದು ಜಾರಲ್ಲ. ಯಾರಾದ್ರೂ ಮುಟ್ಟಿದ್ರೆ ತಾನೆ?”

ಪಂಜರದೊಳಗೆ ನಾಲ್ಕು ಕಾಲು, ಒಂದು ಬಾಲ ಇರುವ ಪ್ರಾಣಿಯೊಂದಿದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಾವು ಹಿಂತಿರುಗಿದಾಗ ವಾಲ್ಟರ್ ಕೊಳವೆಗೆ ಬಾಲ ಸುತ್ತಿಕೊಂಡು ಜೋತಾಡುತ್ತಿದ್ದ. ಕ್ಲಿಪ್ ನೆಲದ ಮೇಲಿತ್ತು. ಬಕೆಟ್ ಖಾಲಿ. ಪರಾತ ತುಂಬಿ, ಚೆಲ್ಲಿ, ನೀರೆಲ್ಲ ಹಲಗೆಯ ಸಂದಿನಲ್ಲಿ ಇಳಿದು ಹೋಗಿತ್ತು. ಇಳಿದು ಎಲ್ಲಿಗೆ ಹೋಯಿತು ಎಂಬುದು ಕೆಳಗಿನ ಮನೆಯ ಬೀಗ ತೆಗೆದಾಗ ಗೊತ್ತಾಯಿತು. ಮಿಸಸ್ ಡಾಬ್ಸನ್‌ರ ಮಲಗುವ ಕೋಣೆಯ ಸೀಲಿಂಗಿನ ಗಾರೆ ಅಷ್ಟಗಲ ಕಳಚಿ, ಅವರ ಹಾಸಿಗೆಯ ಮೇಲೆ ಮಲಗಿತ್ತು.

ಮರುದಿನ ಆಕೆ ನೇರವಾಗಿ ಮಹಡಿಗೆ ಬಂದರು. ವಾಲ್ಟರ್ ಎಳೆ ಬಾಳೆಯೆಲೆಯಂತೆ ಹಸಿರಾಗಿ ಕೂತಿದ್ದ. “ನನ್ನ ಹತ್ತಿರವೂ ಇಷ್ಟು ಚೆನ್ನಾಗಿರಲಿಲ್ಲ” ಎಂದರು. ನಮ್ಮವರು ವಿನಯದಿಂದ ತಲೆ ಬಾಗಿಸಿದರು. ಸುಮ್ಮನಿರಬಹುದಿತ್ತು. ಆದರೆ ಬಸುರಿಯ ಹೊಟ್ಟೆಯಲ್ಲಿ ಎಷ್ಟೆಂದು ನಿಲ್ಲುತ್ತದೆ? ಮಿಸ್ ಮಾಡಿದ್ದು, ಒಪ್ಪೊತ್ತು ಹಾಕಿದ್ದು, ಪನ್ನೀರುದಾನಿ, ಬಕೆಟ್ಟು, ಸೀಲಿಂಗು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ.

ಆಕೆ ಕೆಳಗೆ ಹೋದರು. ಕೋಣೆಯ ಬಾಗಿಲು ತೆರೆದ ಸದ್ದು ಕೇಳಿತು. ಅಮ್ಮ ಬರುವುದು ಇನ್ನು ಮುಗಿದ ಮಾತು ಎಂದುಕೊಂಡು ನಾನು ಕುರ್ಚಿಯಲ್ಲಿ ಕೂತೆ. ಬೇರೆ ಮನೆ ಹುಡುಕುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಮತ್ತೆ ಮೇಲೆ ಬಂದರು. ಕೈಯಲ್ಲಿ ಒಂದು ಹೆಂಟೆ ಗಾರೆ.

“ನಿನ್ನ ತಾಯಿ ಎಷ್ಟು ಬೇಗ ಬರಬಹುದು?” ಎಂದರು.

ನನಗೆ ಅರ್ಥವಾಗಲಿಲ್ಲ. “ಮಹಡಿಯ ಮೇಲೆ ಇಬ್ಬರೇ ಇರಬೇಕು ಎಂದಿದ್ದಿರಿ.”

“ಅದು ದೊಡ್ಡವರ ಲೆಕ್ಕ. ಇಲ್ಲಿ ಸದ್ಯಕ್ಕೆ ದೊಡ್ಡವರು ಯಾರೂ ಇಲ್ಲ. ಮಗು ಬರುವುದಕ್ಕೆ ಮುಂಚೆಯೇ ಕರೆಸು.”

ವಾಲ್ಟರನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಕೆ ಇಳಿದು ಹೋದರು. ನಮ್ಮವರು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಕೇಳಿದರು: “ಅಂದ್ರೆ, ಪರ್ಮಿಷನ್ ಸಿಕ್ತು ಅಂತಾನಾ?”

“ಸಿಕ್ತು ರೀ. ದಿಕ್ಕಿಲ್ಲದ ಮಕ್ಕಳಿಗೆ ಸಿಗೋ ಹಾಗೆ ಸಿಕ್ತು” ಎಂದೆ.