ದ್ಯಾಮಣ್ಣನ ಐದನೇ ನಂಬರು

ನಾಲ್ಕು ಜನ ಬೈದರೆ ಬೇಸರವಾಗುತ್ತದೆ, ಹೊಗಳಿದರೆ ಎದೆ ಉಬ್ಬುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಿಮ್ಮ ಕಡೆಗೇ ನೋಡುತ್ತ, ನಿಮಗೇ ಚಪ್ಪಾಳೆ ತಟ್ಟುತ್ತ, ತೀರಿಕೊಂಡ ಇನ್ನೊಬ್ಬನ ಹೆಸರು ಕೂಗಿದರೆ ಹೇಗಿರುತ್ತದೆ ಎಂಬುದು ನನ್ನನ್ನು ಬಿಟ್ಟು ಬಹಳ ಮಂದಿಗೆ ಗೊತ್ತಿರಲಾರದು. ಬದುಕಿರುವವನ ಮೇಲಾದರೆ ಹೊಟ್ಟೆಕಿಚ್ಚು ಪಡಬಹುದು, ಹಿಂದಿನಿಂದ ನಾಲ್ಕು ಮಾತು ಆಡಬಹುದು. ಸತ್ತವನ ವಿಷಯದಲ್ಲಿ ಆ ಸುಖವೂ ಇಲ್ಲ. ಅವನು ಇನ್ನು ಯಾವ ಶರ್ಯತ್ತಿನಲ್ಲೂ ಸೋಲುವವನಲ್ಲ.

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಜೋಳ ಕೊಯ್ದು ಹೊಲ ಖಾಲಿಯಾದವೆಂದರೆ ಬಂಡಿ ಓಡಿಸುವ ಶರ್ಯತ್ತು ಶುರು. ಖಾಲಿ ಬಂಡಿ, ಜೋಡೆತ್ತು, ಮೇಲೊಬ್ಬ ಸವಾರ. ಓಟ ಹತ್ತಿದ ಕೂಡಲೇ ಧೂಳು ಎಷ್ಟು ಏಳುತ್ತದೆಂದರೆ ಸವಾರ ಅಣ್ಣನೋ ತಮ್ಮನೋ ಹೆತ್ತ ತಾಯಿಗೂ ತಿಳಿಯುವುದಿಲ್ಲ. ಅದಕ್ಕೇ ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ಅದರ ಮೇಲೆ ಡಾಂಬರಿನಲ್ಲಿ ನಂಬರು ಬರೆದು, ಬಂಡಿಗೆ ತೂಗುಹಾಕುವುದು ನಮ್ಮವರ ಪದ್ಧತಿ. ಜನ ಮುಖ ನೋಡುವುದಿಲ್ಲ, ತಗಡು ನೋಡುತ್ತಾರೆ.

ಐದನೇ ನಂಬರಿನ ತಗಡು ತಳಕಲ್ಲಿನ ದ್ಯಾಮಣ್ಣನದು. ನಾನು ಚಡ್ಡಿ ಜಾರಿಸಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅವನದೇ. ಗೆಲ್ಲುವುದು ಖಾತ್ರಿಯಾದ ಮೇಲೆ ತಲೆಯ ರುಮಾಲು ಬಿಚ್ಚಿ ಆಕಾಶಕ್ಕೆ ಎಸೆಯುತ್ತಿದ್ದನಂತೆ. ಅದು ಕೆಳಗೆ ಬೀಳುವುದು ಹಿಂದೆ ಬರುವ ಬಂಡಿಯ ಮೇಲಂತೆ. ಅಂಥವನು ಚಾಪೆಯ ಮೇಲೆ ಮಲಗಿ ಬರೀ ಜ್ವರದಿಂದ ಸತ್ತ. ಅವನ ಅಭಿಮಾನಿಗಳಿಗೆ ಇದು ಅವಮಾನವಾಗಿ ಕಂಡಿತು. ಬಂಡಿಯಿಂದ ಬಿದ್ದು ಸತ್ತಿದ್ದರೆ ಕ್ಷಮಿಸುತ್ತಿದ್ದರೋ ಏನೋ.

ಇನ್ನು ನನ್ನ ವಿಷಯ. ಕುಷ್ಟಗಿಯಲ್ಲಿ ನಮ್ಮದು ಕಾಳಿನ ಅಂಗಡಿ. ಅಪ್ಪ, ಇಬ್ಬರು ಅಣ್ಣಂದಿರು ವ್ಯಾಪಾರ ನೋಡಿಕೊಳ್ಳುತ್ತಿದ್ದರು. ನಾನು ಹುರುಳಿ ಕೇಳಿದವರಿಗೆ ಹೆಸರು ಕಟ್ಟಿಕೊಡುತ್ತಿದ್ದೆ. ಒಂದು ದಿನ ಅಪ್ಪ, “ತಮ್ಮಾ, ನೀ ಎತ್ತು ನೋಡಿಕೊ. ಅವು ಬಾಯಿ ಬಿಟ್ಟು ಏನೂ ಕೇಳೂದಿಲ್ಲ” ಎಂದರು. ಹೀಗೆ ನಾನು ಸವಾರನಾದೆ. ನನ್ನ ಓಟ ನೋಡಲು ಮನೆಯಿಂದ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ನನಗೋ ಒಂದೇ ಆಸೆ: ಯಾರಾದರೂ ಒಬ್ಬರು, ಒಂದೇ ಒಂದು ಸಲ, “ಹೋ ಶೇಖರಪ್ಪಾ!” ಎಂದು ಕೂಗಬೇಕು.

ಯಲಬುರ್ಗಾದ ಶರ್ಯತ್ತಿಗೆ, ನನ್ನ ವಾಡಿಕೆಯಂತೆ, ತಡವಾಗಿ ಹೋದೆ. ನಂಬರುಗಳೆಲ್ಲ ಹಂಚಿ ಮುಗಿದಿದ್ದವು. ಪಂಚರ ಹಿರಿಯರಾದ ಗೌಡರು ಬೇವಿನ ಗಿಡದ ಮೊಳೆಗೆ ತೂಗುತ್ತಿದ್ದ ಐದನೇ ನಂಬರಿನ ತಗಡಿನ ಕಡೆ ಕೈ ತೋರಿಸಿ, “ಅದೊಂದ ಉಳದೈತಿ ನೋಡಪಾ. ಯಾರೂ ಮುಟ್ಟವಲ್ಲರು. ನಿನಗ ಧೈರ್ಯ ಇದ್ದರ ತಗೋ” ಎಂದರು. ಧೈರ್ಯದ ಮಾತು ಬಂದಾಗ ಬುದ್ಧಿಯನ್ನು ಮನೆಯಲ್ಲಿಟ್ಟು ಬರುವವನು ನಾನು. ತಗೊಂಡೆ. ನಂಬರೇ ಬಂಡಿಯನ್ನು ಎಳೆದೀತು ಎಂಬ ದುರಾಸೆಯೂ ಸ್ವಲ್ಪ ಇತ್ತೆನ್ನಿ.

ನಿಶಾನೆ ಬಿದ್ದದ್ದೇ ತಡ, ಹೊಲಕ್ಕೆ ಹೊಲವೇ “ಹೋ ದ್ಯಾಮಣ್ಣಾ!” ಎಂದು ಭೋರ್ಗರೆಯಿತು. ನನ್ನ ಎತ್ತುಗಳು ಜೀವಮಾನದಲ್ಲಿ ಅಂಥ ಕೂಗು ಕೇಳಿರಲಿಲ್ಲ, ಹೆದರಿ ಓಡಿದವು. ಮೂರನೆಯವನಾಗಿ ಬಂದೆ. ನನ್ನ ಮಟ್ಟಿಗೆ ಅದು ದಿಗ್ವಿಜಯ. ಇಳಿದು ನೋಡಿದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. “ದ್ಯಾಮಣ್ಣ ಮೂರನೇದಾಂವ ಆಗೂದು ನೋಡೂ ಹಣೇಬರಾ ಬಂತಲ್ಲೋ ಯಪ್ಪಾ!” ಒಬ್ಬ ಮುದುಕಿ ಬಂದು ಎತ್ತುಗಳಿಗೆ ಬೆಲ್ಲ ತಿನ್ನಿಸಿದಳು. ನಾನೂ ಕೈ ಒಡ್ಡಿದೆ. ಅವಳು ನನ್ನ ಕೈಗೆ ಹಗ್ಗ ಕೊಟ್ಟು ಹೋದಳು.

ಆಗಲೇ ಬಂದವನು ಬಡಿಗ ಮಾನಪ್ಪ. ದ್ಯಾಮಣ್ಣನ ಬಂಡಿಯ ಗಾಲಿಗಳನ್ನೆಲ್ಲ ಮಾಡಿದವನು, ಅವನ ಒಂದು ಓಟವನ್ನೂ ತಪ್ಪಿಸಿದವನಲ್ಲ. ತಗಡನ್ನು ಧೋತರದ ಚುಂಗಿನಿಂದ ಒರೆಸಿ, “ಲೇ ತಮ್ಮಾ, ಈ ನಂಬರ ಹಾಕ್ಕೊಂಡ ಮ್ಯಾಲ ನೆಟ್ಟಗ ನಿಂತು ಹೊಡಿಬೇಕು. ಅಂವ ಎಂದೂ ಕುಂತು ಹೊಡದಿಲ್ಲ” ಎಂದ.

“ಆಗ್ಲಿರಿ ಕಾಕಾ. ನನ್ನ ಹೆಸರು ಶೇಖರಪ್ಪ ಅಂತರಿ.”

“ಇರ್ಲಿ ಬಿಡು,” ಎಂದ ಮಾನಪ್ಪ.

ಆ ಸುಗ್ಗಿಯಲ್ಲಿ ಅದೇ ತಗಡು ಕಟ್ಟಿಕೊಂಡು ಎಲ್ಲಿ ಓಡಿದರೂ ಇದೇ ಕಥೆ. ಚೆನ್ನಾಗಿ ಓಡಿದರೆ ದ್ಯಾಮಣ್ಣನ ಪುಣ್ಯ, ಹಿಂದೆ ಬಿದ್ದರೆ “ಯಾವನೋ ಬೇವಕೂಫ ನಂಬರ ಕೆಡಿಸಿದ.” ಓಟ ಮುಗಿದ ಮೇಲೆ ಜನ ತಗಡಿನ ಸುತ್ತ ಕೂತು ಹಳೆಯ ಕಥೆ ಹೇಳುತ್ತಿದ್ದರು. ನಾನು ಬಂಡಿಯ ಇನ್ನೊಂದು ಬದಿಗೆ ಎತ್ತಿನ ಮೈ ತಿಕ್ಕುತ್ತ, ಬುತ್ತಿಯ ರೊಟ್ಟಿ ಒಬ್ಬನೇ ಮುರಿಯುತ್ತ ಕೇಳುತ್ತಿದ್ದೆ. ಕಥೆ ಚೆನ್ನಾಗಿದ್ದವು, ಅದೇ ಸಂಕಟ. ಒಂದೊಂದು ಸಲ ನನಗೇ ಕಣ್ಣು ತುಂಬಿ ಬರುತ್ತಿತ್ತು.

ಹೀಗಿರುವಾಗ ದ್ಯಾಮಣ್ಣನ ಸ್ವಂತ ಊರು ತಳಕಲ್ಲಿನಲ್ಲಿ ಓಟ. ಅಲ್ಲಿ ಏನಾದರೂ ಮಾಡಿ ಇವರ ಮನಸ್ಸು ಗೆಲ್ಲಲೇಬೇಕೆಂದು ಹಟ ಹಿಡಿದೆ. ಗೆರೆ ಹತ್ತಿರ ಬಂದಾಗ ಎದ್ದು ನಿಂತು ರುಮಾಲು ಬಿಚ್ಚಿ ಎಸೆದೆ. ದ್ಯಾಮಣ್ಣ ಎಸೆದರೆ ಅದು ಹಿಂದಕ್ಕೆ ಹಾರುತ್ತಿತ್ತು. ಗಾಳಿ ಯಾವ ಕಡೆಯದೆಂದು ಅವನು ನೋಡಿಕೊಳ್ಳುತ್ತಿದ್ದನೇನೋ, ನಾನು ನೋಡಲಿಲ್ಲ. ನನ್ನ ರುಮಾಲು ಮುಂದಕ್ಕೆ ಹೋಗಿ ಬಲಗಡೆಯ ಎತ್ತಿಗೆ ಮದುಮಗಳ ಸೆರಗಿನಂತೆ ಮುಸುಕು ಹಾಕಿತು. ಎತ್ತು ನಾಚಿಕೊಳ್ಳದೆ ನೇರವಾಗಿ ಪಂಚರ ಚಪ್ಪರಕ್ಕೆ ನುಗ್ಗಿತು. ಪಂಚರು ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿದ್ದರು. ಧೂಳು ಇಳಿದಾಗ ಗೌಡರು ಮಿರ್ಚಿ ಹಿಡಿದ ಕೈಯನ್ನು ಮೇಲೆತ್ತಿಕೊಂಡು ಚಪ್ಪರದ ಕಂಬ ಅಪ್ಪಿ ನಿಂತಿದ್ದರು. ಯಾರಿಗೂ ಪೆಟ್ಟಾಗಿರಲಿಲ್ಲ. ಯಾರೂ ನಗಲೂ ಇಲ್ಲ. ನಕ್ಕಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಗೌಡರು ಅಲ್ಲೇ ಹುಕುಂ ಮಾಡಿದರು: “ಇನ್ನ ಮ್ಯಾಲ ಐದನೇ ನಂಬರ ಯಾರಿಗೂ ಇಲ್ಲ. ಎಲ್ಲೇ ಶರ್ಯತ್ತು ನಡೀಲಿ, ಅಂವನ ಜಾಗಾ ಖಾಲಿ ಬಿಡೂದು. ನಿಶಾನಿ ಬಿದ್ದ ಮ್ಯಾಲೂ ಯಾರೂ ಕೂಗಬ್ಯಾಡ್ರಿ. ಸುಮ್ಮ ಕೈ ಮುಗೀರಿ.”

ಮುಂದಿನ ಓಟ ನಮ್ಮ ಕುಷ್ಟಗಿಯಲ್ಲೇ. ನನಗೆ ಸಿಕ್ಕದ್ದು ಹನ್ನೊಂದು. ನಿಜ ಹೇಳಬೇಕೆಂದರೆ ಮನಸ್ಸು ಹಗುರಾಯಿತು. ನನ್ನ ಊರು, ನನ್ನದೇ ನಂಬರು. ಇವತ್ತು ಯಾರ ಬಾಯಲ್ಲಾದರೂ ನನ್ನ ಹೆಸರು ಬಂದೀತು ಎಂದುಕೊಂಡೆ. ಸಾಲಿನ ನಡುವೆ ಒಂದು ಬಂಡಿಯಷ್ಟು ಜಾಗ ಖಾಲಿ. ನಿಶಾನೆ ಬಿತ್ತು. ಜನರೆಲ್ಲ ಆ ಖಾಲಿ ಜಾಗಕ್ಕೆ ಕೈ ಮುಗಿದು ಮೌನವಾಗಿ ನಿಂತರು. ಬಂಡಿಗಳೆಲ್ಲ ಹೋದವು.

ನನ್ನ ಬಂಡಿ ಹೋಗಲಿಲ್ಲ. ಸುಗ್ಗಿಯುದ್ದಕ್ಕೂ ಒಂದು ಕೂಗು ಕೇಳಿಯೇ ಹೊರಟ ಎತ್ತುಗಳು ಈಗ ಅದಕ್ಕಾಗಿ ಕಾಯುತ್ತ ನಿಂತುಬಿಟ್ಟಿದ್ದವು. ಹಗ್ಗ ಜಗ್ಗಿದೆ. ಬಾಲ ತಿರುವಿದೆ. ಯಾರಿಗೂ ಕೇಳದಂತೆ “ಹೋ ಶೇಖರಪ್ಪಾ” ಎಂದೂ ನೋಡಿದೆ. ಎಡಗಡೆಯದು ಸೆಗಣಿ ಹಾಕಿತು. ಕಡೆಗೆ ಗತ್ಯಂತರವಿಲ್ಲದೆ, ಕಣ್ಣು ಮುಚ್ಚಿ, ಗಂಟಲು ಹರಿಯುವಂತೆ ಕೂಗಿದೆ:

“ಹೋ ದ್ಯಾಮಣ್ಣಾ!”

ಎತ್ತು ಚಿಮ್ಮಿದವು. ಗೌಡರ ಹುಕುಮನ್ನು ಹೇಗೋ ತಡೆದುಕೊಂಡಿದ್ದ ಜನ ಕಟ್ಟೆ ಒಡೆದಂತೆ ಅದೇ ಹೆಸರು ಕೂಗಿದರು. ನಾನು ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದೆ. ಮಾನಪ್ಪ ಅಳುತ್ತ ಓಡಿ ಬಂದು ನನ್ನನ್ನು ಬಂಡಿಯಿಂದ ಎಳೆದು ಅಪ್ಪಿಕೊಂಡ. “ನೋಡ್ರಿ! ನಾವೆಲ್ಲಾ ಬಾಯಿ ಮುಚ್ಚಿಕೊಂಡು ನಿಂತ್ವಿ. ಅಂವನ ಸಲುವಾಗಿ ಓಟಾ ಕಳಕೊಂಡಾಂವ ಇವನೊಬ್ಬನ!” ಎಂದು ಸುತ್ತ ನೆರೆದವರಿಗೆ ಹೇಳಿದ.

“ಯಾರ ಮಗ ಇಂವ? ಹೆಸರೇನು?” ಎಂದು ಗುಂಪಿನಲ್ಲಿ ಯಾರೋ ಕೇಳಿದರು.

ಮಾನಪ್ಪ ನನ್ನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿ, “ಇದ ಊರಾಂವ ಅಂತ. ಹೆಸರು... ಹನ್ನೊಂದನೇ ನಂಬರು” ಎಂದ.

ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವನ ಕೈ ಇನ್ನೂ ನನ್ನ ಹೆಗಲ ಮೇಲೇ ಇತ್ತು. ಮಾತಾಡಿದರೆ ತೆಗೆದಾನೆಂದು ಸುಮ್ಮನಾದೆ.