ರೂತ್ ಬಾರೆ

ದೇವರು, ದೆವ್ವ, ಜಾತಕ, ವಿಟಮಿನ್ ಮಾತ್ರೆ, ಮುಂದಿನ ತಿಂಗಳು ಹೊಸ ಏಸಿ ಹಾಕಿಸಿಕೊಡುತ್ತೇನೆನ್ನುವ ಮ್ಯಾನೇಜರು, ಇವು ಯಾವುದನ್ನೂ ನಾನು ಪುರಾವೆಯಿಲ್ಲದೆ ನಂಬಿದವನಲ್ಲ. ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿದ್ದರ ಫಲ ಇದು. ಅಳೆಯುವ ಮೊದಲು ಅಳತೆಗೋಲನ್ನೇ ಅನುಮಾನಿಸಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹೇಳಿದ್ದು ಮೇಷ್ಟ್ರೋ ಅಥವಾ ಲ್ಯಾಬಿನಲ್ಲಿ ಬೀಕರು ತೊಳೆಯುತ್ತಿದ್ದ ಅಟೆಂಡರೋ ಎನ್ನುವುದು ಈಗ ಖಚಿತವಿಲ್ಲ. ನನ್ನ ತೊಂದರೆಯೇ ಇದು. ಜಗತ್ತಿನ ಎಲ್ಲರನ್ನೂ ಅನುಮಾನಿಸಿ ಮುಗಿಸಿದ ಮೇಲೆ ಉಳಿದದ್ದು ನನ್ನ ನೆನಪು ಒಂದೇ. ಅದನ್ನೂ ನಾನು ಅನುಮಾನಿಸುವುದುಂಟು. ಆದರೆ ಸಾಮಾನ್ಯವಾಗಿ, ಕತೆ ಹೇಳಿ ಮುಗಿಸಿದ ಮೇಲೆ.

ಅಂಥ ಕತೆಗಳಲ್ಲಿ ದೊಡ್ಡದು ನನ್ನ ಫ್ರಾನ್ಸಿನ ಸೈಕಲ್ ಯಾತ್ರೆ. ಸೌದಿಗೆ ಬಂದ ಹೊಸತರಲ್ಲಿ, ನಮ್ಮ ಕಂಪನಿಗೆ ಪಂಪು ಮಾರುವ ಫ್ರಾನ್ಸಿನ ಕಾರ್ಖಾನೆಯೊಂದಕ್ಕೆ ನನ್ನನ್ನು ಮೂರು ತಿಂಗಳ ತರಬೇತಿಗೆ ಕಳಿಸಿದ್ದರು. ಬರೆದರೆ ಹನ್ನೊಂದು ಅಕ್ಷರ, ಓದಿದರೆ ಮೂರೇ ಆಗುವ ಒಂದು ಹಳ್ಳಿ. ಭಾನುವಾರ ಮಾಡಲು ಏನೂ ಕೆಲಸವಿಲ್ಲದೆ ಮನೆಯೊಡತಿಯ ಹಳೇ ಸೈಕಲ್ ಹತ್ತಿ ಹೊರಟೆ. ಊರು ದಾಟಿದ ಕೂಡಲೇ ರಸ್ತೆಗೆ ಅಡ್ಡವಾಗಿ ಒಂದು ಹಳದಿ ಹಲಗೆ, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಎರಡು ಪದ. ಪಕ್ಕದಲ್ಲಿ ಸೈಕಲ್ ನುಗ್ಗುವಷ್ಟು ಸಂದು. ನುಗ್ಗಿದೆ. ಆಚೆಗೆ ಒಂದು ಕಾರಿಲ್ಲ, ಲಾರಿಯಿಲ್ಲ, ಹಾರ್ನ್ ಇಲ್ಲ. ಎಡಕ್ಕೆ ಕಾಲುವೆ, ಬಲಕ್ಕೆ ಉದ್ದುದ್ದದ ಮರಗಳು, ಮುಂದೆ ಸೂರ್ಯಕಾಂತಿ ಹೊಲ. ಮುಂದಿನ ಭಾನುವಾರ ಇನ್ನೊಂದು ದಿಕ್ಕಿಗೆ ಹೋದರೆ ಅಲ್ಲೂ ಅದೇ ಹಲಗೆ, ಅದೇ ನಿಶ್ಶಬ್ದ. ಹಲಗೆ ಇದ್ದಲ್ಲಿ ಕಾರಿಲ್ಲ, ಕಾರಿದ್ದಲ್ಲಿ ಹಲಗೆಯಿಲ್ಲ. ವಿಜ್ಞಾನ ಓದಿದವನಿಗೆ ಇನ್ನೇನು ಬೇಕು? ಸೈಕಲ್ ಸವಾರರಿಗಾಗಿಯೇ ಸರ್ಕಾರ ಮೀಸಲಿಟ್ಟ ರಸ್ತೆಗಳ ಜಾಲ ಇದು ಎಂದು ತೀರ್ಮಾನಿಸಿದೆ. ಕ್ಯಾಂಟೀನಿನ ಹೆಂಗಸಿಗೆ ಆ ಎರಡು ಪದ ಬರೆದು ತೋರಿಸಿದೆ. ಆಕೆ ಗಂಟಲಿನಾಳದಿಂದ "ರೂತ್ ಬಾರೆ" ಎಂದು ಓದಿ, ಎರಡು ಕೈಗಳನ್ನು ಎದೆಯ ಮುಂದೆ ಕತ್ತರಿಯಂತೆ ಅಡ್ಡ ಹಿಡಿದು ಏನೇನೋ ಹೇಳಿದಳು. ತಮ್ಮ ದೇಶದ ಸೈಕಲ್ ರಸ್ತೆಗಳ ಬಗ್ಗೆ ಎಷ್ಟು ಅಭಿಮಾನ ಎಂದುಕೊಂಡೆ.

ಸೌದಿಯ ಥುಕ್ಬಾ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಇಡ್ಲಿಗೆ ಸೇರುವವರೆಲ್ಲ ಈ ಕತೆಯನ್ನು ಕೇಳಿದ್ದಾರೆ. ಕೆಲವರು ಇಡ್ಲಿ ಬಿಟ್ಟು ಓಡುವಷ್ಟು ಸಲ ಕೇಳಿದ್ದಾರೆ. ಮೊದಲ ವರ್ಷ ನಾನು ಹನ್ನೆರಡು ಕಿಲೋಮೀಟರು ತುಳಿದಿದ್ದೆ. ಕೊಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಅದು ಮೂವತ್ತಾಗಿತ್ತು. ಆಮೇಲೆ ನಲವತ್ತೈದಕ್ಕೆ ಏರಿ, ನಡುವೆ ಒಂದು ಗುಡ್ಡವೂ ಎದ್ದಿತು. ಪ್ರತಿ ಏರಿಕೆಗೂ ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ ಒಮ್ಮೆ ಕೆಮ್ಮುತ್ತಾಳೆ. ಮರುಭೂಮಿಯ ಧೂಳು, ಯಾರಿಗೂ ಸಂಶಯ ಬರುವುದಿಲ್ಲ.

ಕೇಳುಗರಲ್ಲಿ ಬೇಸರವಿಲ್ಲದೆ ಕೇಳುತ್ತಿದ್ದವರು ಇಬ್ಬರೇ: ಪಕ್ಕದ ಕಟ್ಟಡದ ಲಾರೆನ್ಸ್ ಮತ್ತು ಅವನ ಹೆಂಡತಿ. ಉಡುಪಿ ಕಡೆಯವರು. ಅವನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ, ಆಕೆ ಅಲ್ಲೇ ತುರ್ತು ವಿಭಾಗದಲ್ಲಿ ನರ್ಸ್. ಆಕೆಯ ಹೆಸರು ರೂತ್. ಹಾಗಾಗಿ ನನ್ನ ಕತೆಯಲ್ಲಿ ಹಲಗೆಯ ಹೆಸರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಹಬ್ಬ. "ಅಷ್ಟು ದೊಡ್ಡ ದೇಶದಲ್ಲಿ ಊರೂರಲ್ಲೂ ಹಲಗೆ ಹಾಕಿ ನಿನ್ನನ್ನು ಕರೀತಿದ್ದಾರೆ, 'ರೂತ್, ಬಾರೇ' ಅಂತ. ನಾನು ಒಬ್ಬ ಕರೆದರೆ ಮಾತ್ರ ನೀನು ಬರೂದಿಲ್ಲ" ಎಂದು ಲಾರೆನ್ಸ್ ಆಕೆಯನ್ನು ಕೆಣಕುತ್ತಿದ್ದ. ಆಕೆ, "ತುಳುವಿನಲ್ಲಿ ಬಾರೆ ಅಂದ್ರೆ ಬಾಳೆಗಿಡ. ಅಲ್ಲಿ ನನ್ನದೊಂದು ಬಾಳೆತೋಟ ಇದೆ ಅಂತ ಅರ್ಥ. ನಿಮಗೆ ಒಂದು ಹಣ್ಣೂ ಕೊಡೂದಿಲ್ಲ" ಎನ್ನುತ್ತಿದ್ದಳು.

ಈ ನಗೆಯ ಕೆಳಗೆ ಬೇರೆ ಏನೋ ಇತ್ತು ಎಂದು ನನಗೆ ಗೊತ್ತಾದದ್ದು ಅವರಿಬ್ಬರೂ ಒಂದು ದಿನ, ಈ ಸಲದ ರಜೆ ಊರಿಗಲ್ಲ, ಫ್ರಾನ್ಸಿಗೆ ಎಂದಾಗ. ಮದುವೆಯಾಗಿ ಇಪ್ಪತ್ತೈದು ವರ್ಷ. ಏನು ಬೇಕು ಎಂದು ಲಾರೆನ್ಸ್ ಕೇಳಿದನಂತೆ, ಬಳೆಯೋ ಸರವೋ ಎಂದು ನಿರೀಕ್ಷಿಸಿ. ಆಕೆ ಸೈಕಲ್ ತುಳಿಯಬೇಕು ಎಂದಳಂತೆ. ಕಲ್ಯಾಣಪುರದ ಮನೆಯಿಂದ ದಿನಾ ಸೈಕಲ್ಲಿನಲ್ಲೇ ನರ್ಸಿಂಗ್ ಕಲಿಯಲು ಹೋಗುತ್ತಿದ್ದ ಹುಡುಗಿ ಆಕೆ. ಇಲ್ಲಿ ಹೆಂಗಸರು ಬೀದಿಯಲ್ಲಿ ಸೈಕಲ್ ಹತ್ತುವ ಮಾತೇ ಇಲ್ಲ. "ಹದಿನಾಲ್ಕು ವರ್ಷ ಆಯ್ತು ಮೂರ್ತಿಯಣ್ಣ, ಪೆಡಲ್ ಮೇಲೆ ಕಾಲಿಟ್ಟು. ಊರಲ್ಲಿ ತುಳಿಯುವ ಅಂದ್ರೆ ಈಗ ಹೆದರಿಕೆ. ದಿನಾ ಆಕ್ಸಿಡೆಂಟ್ ಕೇಸು ನೋಡಿ ನೋಡಿ, ಹಿಂದಿನಿಂದ ಕಾರಿನ ಸದ್ದು ಬಂದ್ರೆ ಸಾಕು, ನನ್ನ ಕೈ ನಡುಗ್ತದೆ. ನಂಗೆ ಒಂದು ಕಾರೂ ಬಾರದ ದಾರಿ ಬೇಕು. ಒಂದೂ. ಅಂಥದ್ದು ಗೊತ್ತಿರುವುದು ನಿಮಗೆ ಮಾತ್ರ."

ನನಗೆ ಮಾತ್ರ ಎಂದ ಮೇಲೆ ಕೇಳಬೇಕೆ? ಅಂಚಿನಲ್ಲಿ ತೂತುಗಳಿರುವ ಕಂಪ್ಯೂಟರ್ ಪ್ರಿಂಟರಿನ ಕಾಗದದ ಹಿಂದೆ ನಕ್ಷೆ ಬರೆದೆ. ಕಾರ್ಖಾನೆ, ಚರ್ಚು, ಬ್ರೆಡ್ ಅಂಗಡಿ, ಕಾಲುವೆ. ಮರಗಳನ್ನು ಒಂದೊಂದಾಗಿ ಬರೆದೆ. ಅತ್ತ ಅವರ ಕಫೀಲನಿಂದ, ಎಂದರೆ ಕೆಲಸಕ್ಕಿಟ್ಟುಕೊಂಡ ಧಣಿಯಿಂದ, ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಟಿಕೆಟ್ಟೂ ಆಯಿತು. ಊರಿಗೆ ಹೊರಟಿದ್ದ ಅಮೆರಿಕದವನೊಬ್ಬನಿಂದ ಲಾರೆನ್ಸ್ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ತಂದು ಹಾಲಿನಲ್ಲಿಟ್ಟ. ರೂತ್ ದಿನಾ ಡ್ಯೂಟಿ ಮುಗಿಸಿ ಬಂದು, ಎದುರು ಗೋಡೆಗೆ ನನ್ನ ನಕ್ಷೆ ಅಂಟಿಸಿಕೊಂಡು ಒಂದು ಗಂಟೆ ತುಳಿಯುತ್ತಿದ್ದಳು.

ಅವರು ಹೊರಡಲು ಒಂದು ವಾರವಿದ್ದಾಗ ನಮ್ಮ ಆಫೀಸಿಗೆ ಟ್ಯುನೀಷಿಯಾದ ಡ್ರಾಫ್ಟ್ಸ್‌ಮನ್ ಒಬ್ಬ ಬಂದ. ಮುನೀರ್ ಅಂತ. ಫ್ರೆಂಚ್ ಬಲ್ಲವನು ಸಿಕ್ಕಿದ್ದೇ ಸಾಕು, ನಾನು ಚಹಾ ತರಿಸಿ, "ನಿಮ್ಮ ದೇಶದಲ್ಲೂ ರೂತ್ ಬಾರೆಗಳಿವೆಯಾ?" ಎಂದು ಕೇಳಿದೆ.

"ಬೇಕಾದಷ್ಟಿವೆ. ನಮ್ಮ ಮನೆಯ ಮುಂದೆಯೇ ಇದೆ" ಎಂದ ಬೇಸರದಿಂದ.

"ಎಂಥ ಅದೃಷ್ಟವಂತರಪ್ಪ ನೀವು."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಯಾ ಮೂರ್ತಿ, ರೂತ್ ಅಂದರೆ ರಸ್ತೆ. ಬಾರೆ ಅಂದರೆ ಬಂದ್. ರಸ್ತೆ ಅಗೆದಾಗ ಹಾಕುವ ಹಲಗೆ ಅದು. ಇದರಲ್ಲಿ ಅದೃಷ್ಟ ಎಲ್ಲಿಂದ ಬಂತು?"

ಆ ಕ್ಷಣದಲ್ಲಿ ನನ್ನ ನೆನಪಿನೊಳಗಿಂದ, ಅಷ್ಟು ವರ್ಷ ಎಲ್ಲಿ ಅಡಗಿದ್ದವೋ, ಒಂದೊಂದೇ ಸಾಮಾನು ಹೊರಬರತೊಡಗಿತು. ಮೊದಲು ಕ್ಯಾಂಟೀನಿನ ಹೆಂಗಸಿನ ಅಡ್ಡ ಕೈಗಳು. ಆಮೇಲೆ ಉದ್ದಕ್ಕೆ ಅಗೆದ ಚರಂಡಿ, ಸಿಮೆಂಟಿನ ಪೈಪುಗಳ ರಾಶಿ, ಒಂದು ಬುಲ್ಡೋಜರು. ಬುಲ್ಡೋಜರಿನ ಪಕ್ಕ ಹೆಲ್ಮೆಟ್ ಹಾಕಿಕೊಂಡ ಕಾವಲುಗಾರನೊಬ್ಬ ಎರಡೂ ಕೈ ಎತ್ತಿ ಬೀಸುತ್ತಿದ್ದ. ನಾನೂ ಬೀಸಿದ್ದೆ. ಹಳ್ಳಿಯ ಜನ ಎಷ್ಟು ಸ್ನೇಹಪರರು, ಪರದೇಶದವನನ್ನು ಕಂಡು ಓಡೋಡಿ ಬಂದು ಕೈ ಬೀಸುತ್ತಾರೆ ಎಂದು ಅಲ್ಲಿಂದ ಇಲ್ಲಿಯವರೆಗೆ ಹೇಳಿಕೊಂಡು ಬಂದಿದ್ದೆ. ಆ ವರ್ಷ ಆ ಸೀಮೆಯಲ್ಲಿ ಎಲ್ಲೆಲ್ಲೂ ನೀರಿನ ಪೈಪು ಹಾಕುತ್ತಿದ್ದಿರಬೇಕು. ಕಂಪನಿಯ ಕೆಲಸದಲ್ಲಿ ಪೈಪಿನ ಬೆಸುಗೆಯನ್ನು ಮೂರು ಮೂರು ಸಲ ಅನುಮಾನಿಸುವ ನಾನು, ಒಂದು ಹಲಗೆಯನ್ನು ಅನುಮಾನಿಸಿರಲಿಲ್ಲ.

ಮನೆಗೆ ಬಂದು ವಿಮಲಾಗೆ ಹೇಳಿದೆ. ಆಕೆ ಕೆಮ್ಮಲಿಲ್ಲ. "ಚಪ್ಪಲಿ ಬಿಚ್ಚಬೇಡಿ, ಈಗಲೇ ಹೋಗಿ ಹೇಳಿ ಬನ್ನಿ" ಎಂದಳು. ದಾರಿಯುದ್ದಕ್ಕೂ ನಾನು ಉಪಾಯ ಹುಡುಕಿದೆ. ಫ್ರಾನ್ಸಿನಲ್ಲಿ ವಿಪರೀತ ಮಳೆಯಂತೆ ಎನ್ನಲೇ, ಮುನೀರನಿಗೆ ಅಷ್ಟಾಗಿ ಫ್ರೆಂಚ್ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ವಾಪಸಾಗಲೇ? ಇಷ್ಟರಲ್ಲಿ ಮೆಟ್ಟಿಲು ಮುಗಿದು ಬಾಗಿಲು ಬಂತು.

ರೂತ್ ಹಸಿರು ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ತುಳಿಯುತ್ತಿದ್ದಳು. ಎದುರಿಗೆ ನಾನು ಬರೆದ ಮರಗಳು. ನಾನು ನಿಂತೇ ಎಲ್ಲ ಹೇಳಿದೆ. ಪೆಡಲ್ ನಿಧಾನವಾಗಿ ನಿಂತಿತು.

"ಎಂತ ಮಾರಾಯ್ರೆ, ಎರಡು ಟಿಕೆಟ್ ತೆಗೆದಾಯ್ತು. ಇಷ್ಟು ವರ್ಷ ನೀವು ನಮ್ಮನ್ನು ಕೂರಿಸಿ ಹೊಗಳಿದ್ದು ಒಂದು ಚರಂಡಿಯನ್ನಾ?" ಎಂದ ಲಾರೆನ್ಸ್.

ರೂತ್ ಮುಖ ಒರೆಸಿಕೊಂಡಳು. ಆ ಮುಖ ನೋಡಲಾರದೆ ನಾನು ಸೈಕಲ್ಲಿನ ಮೀಟರ್ ನೋಡಿದೆ. ಹನ್ನೊಂದು ಕಿಲೋಮೀಟರ್ ತೋರಿಸುತ್ತಿತ್ತು.

"ಮೂರ್ತಿಯಣ್ಣ, ಒಂದೇ ಪ್ರಶ್ನೆ. ಕಿಲೋಮೀಟರು ಎಷ್ಟು ಬೇಕಾದರೂ ಇರಲಿ, ಅದನ್ನು ನಾವು ಯಾವತ್ತೂ ನಂಬಿರಲಿಲ್ಲ. ನೀವು ಹೋದಾಗ ಅಲ್ಲಿ ಕಾರು ಬಂದಿತ್ತಾ?"

"ಇಲ್ಲ."

"ಒಂದೂ?"

"ಬುಲ್ಡೋಜರ್ ಇತ್ತು. ನಿಂತಿತ್ತು."

"ಹಾಗಾದ್ರೆ ನನಗೆ ಬೇಕಾದ್ದು ಅದೇ ಅಲ್ವಾ?"

"ಆದರೆ ರೂತ್, ಆ ಪೈಪು ಹಾಕಿ ಮುಗಿಸಿ ಎಷ್ಟೋ ವರ್ಷ ಆಗಿರುತ್ತೆ."

"ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ ಅಗೆದಿರ್ತಾರೆ. ಈ ಥುಕ್ಬಾದಲ್ಲಿ ನೋಡೂದಿಲ್ವಾ? ನಮ್ಮ ಕೆಳಗಿನ ಬೀದಿಯ ಗುಂಡಿ ಯಾವಾಗ ಮುಚ್ಚಿತ್ತು ಹೇಳಿ." ಇಷ್ಟು ಹೇಳಿ ಆಕೆ ಮತ್ತೆ ತುಳಿಯತೊಡಗಿದಳು.

ಅವರು ಹೋದ ಎರಡು ವಾರ ನಾನು ಇಡ್ಲಿಯ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ಹಿಂದಿನಿಂದ ಲಾರಿ ಬರುವುದೂ ಆಕೆಯ ಕೈ ನಡುಗುವುದೂ ಕಣ್ಣ ಮುಂದೆ ಬರುತ್ತಿತ್ತು. ಹಿಂದಿರುಗಿದ ದಿನ ರೂತ್ ನೇರ ನಮ್ಮ ಮನೆಗೆ ಬಂದಳು. ಮೂಗಿನ ತುದಿ ಬಿಸಿಲಿಗೆ ಸುಲಿದಿತ್ತು. ನನ್ನ ನಕ್ಷೆಯ ದಾರಿ ಈಗ ಆ ಸೀಮೆಗೇ ಒಳ್ಳೆಯ ರಸ್ತೆಯಂತೆ, ತುಂಬ ಲಾರಿಗಳಂತೆ. ಮೊದಲ ದಿನ ಆಕೆ ಸೈಕಲ್ ಹಿಡಿದು ಬ್ರೆಡ್ ಅಂಗಡಿಯ ಮುಂದೆ ನಿಂತೇ ಇದ್ದಳಂತೆ. ಕೊನೆಗೆ ಒಳಗೆ ಹೋಗಿ, ನನ್ನ ನಕ್ಷೆ ತೋರಿಸಿ, "ರೂತ್ ಬಾರೆ ಎಲ್ಲಿದೆ?" ಎಂದು ಕೇಳಿದಳಂತೆ. ಬಂದ್ ಆದ ರಸ್ತೆಯನ್ನು ಹುಡುಕಿಕೊಂಡು ಬಂದವರನ್ನು ಆ ಅಂಗಡಿಯಾಕೆ ಅದುವರೆಗೆ ನೋಡಿರಲಿಲ್ಲ. ನಕ್ಕು ನಕ್ಕು, ಸೇತುವೆ ರಿಪೇರಿಗೆಂದು ಮುಚ್ಚಿದ್ದ ಹಳೆಯ ರಸ್ತೆಯೊಂದನ್ನು ತೋರಿಸಿದಳಂತೆ. ಆರು ದಿನ, ಹೋಗಿ ಬಂದು ಅದೇ ದಾರಿ. ಒಂದು ಕಾರೂ ಇಲ್ಲ. ಮೂರನೆಯ ದಿನ ವೇಲು ಚೈನಿಗೆ ಸಿಕ್ಕಿ ಆಕೆ ಹುಲ್ಲಿನ ಮೇಲೆ ಬಿದ್ದು, ಅಂಗಡಿಯಾಕೆ ಬ್ರೆಡ್ ಕೊಯ್ಯುವ ಚಾಕು ತಂದು ವೇಲನ್ನು ಕತ್ತರಿಸಿ ಬಿಡಿಸಿದ್ದು ಬಿಟ್ಟರೆ ಇನ್ನೇನೂ ಅನಾಹುತವಿಲ್ಲ. ಫೋಟೋ ತೋರಿಸಿದಳು. ಹಳದಿ ಹಲಗೆಗೆ ಒರಗಿ, ಅರ್ಧ ವೇಲು ಕೊರಳಿಗೆ ಸುತ್ತಿಕೊಂಡು ನಗುತ್ತಿದ್ದಳು. "ಮೂರ್ತಿಯಣ್ಣ, ಒಂದು ಮಾತ್ರ ಸಿಕ್ಕಲಿಲ್ಲ. ನಿಮ್ಮ ಗುಡ್ಡ. ಆ ಕಡೆ ಪೂರಾ ಚಪ್ಪಟೆ."

ಇದಾಗಿ ಕೆಲವು ತಿಂಗಳಾದವು. ಹೋದ ಶುಕ್ರವಾರ ಬುರೈದಾದಿಂದ ಹೊಸ ಪರಿಚಯದವರೊಬ್ಬರು ಇಡ್ಲಿಗೆ ಬಂದಿದ್ದರು. ಫ್ರಾನ್ಸಿನ ಮಾತು ಬಂತು. ಹೇಗೆ ಬಂತೋ ಗೊತ್ತಿಲ್ಲ, ನಾನೇ ಎತ್ತಿದೆ ಎಂದು ವಿಮಲಾ ಹೇಳುತ್ತಾಳೆ. ಈ ಸಲ ನಾನು ಪ್ರಾಮಾಣಿಕವಾಗಿ, ಅದು ಬಂದ್ ಆದ ರಸ್ತೆ ಎಂದೇ ಶುರು ಮಾಡಿದೆ. ಗುಡ್ಡ ತೆಗೆದುಹಾಕಿದೆ. ಕಿಲೋಮೀಟರು ಇಳಿಸಿದೆ. ಸತ್ಯ ಹೇಳುವುದರಲ್ಲೂ ಎಷ್ಟು ಸುಖವಿದೆ ಎಂದುಕೊಳ್ಳುತ್ತ, "ಮೂರನೆಯ ದಿನ ನೋಡಿ, ವೇಲು ಚೈನಿಗೆ ಸಿಕ್ಕಿ ಹುಲ್ಲಿನ ಮೇಲೆ ಬಿದ್ದುಬಿಟ್ಟೆ. ಬ್ರೆಡ್ ಅಂಗಡಿಯಾಕೆ ಚಾಕು ತಂದು..." ಎಂದೆ.

ಅಡುಗೆಮನೆಯಲ್ಲಿ ಕೆಮ್ಮು ಕೇಳಿಸಲಿಲ್ಲ. ವಿಮಲಾ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ನಿಮಗೆ ಯಾವಾಗರೀ ವೇಲಿತ್ತು?"

"ಮಫ್ಲರ್" ಎಂದೆ.

ಆ ಗಳಿಗೆಯಲ್ಲಿ ಬಾಯಿಗೆ ಬಂದ ಮಾತು ಅದು, ಒಪ್ಪಿಕೊಳ್ಳುತ್ತೇನೆ. ಆದರೆ ಈಗ ಕೂತು ಯೋಚಿಸಿದರೆ, ಅಲ್ಲಿನ ಚಳಿಗೆ ನಾನು ಮಫ್ಲರ್ ಒಂದನ್ನು ಕೊಂಡಿದ್ದೆ ಅಂತಲೇ ಅನ್ನಿಸುತ್ತಿದೆ. ಹಸಿರು ಬಣ್ಣದ್ದು.