ಬದುಕಿ ಉಳಿಯಲಾರದ ಕೌಬಾಯ್

ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಹಣೆಗೆ ಕುಂಕುಮವಿಟ್ಟು ಮನೆ ಬಿಡುವುದು. ಮಧ್ಯಾಹ್ನದೊಳಗೆ ಗುಂಡು ತಗುಲಿ ಸಾಯುವುದು. ಸಂಜೆ ಮನೆಗೆ ಬಂದು ಸಾರು-ಅನ್ನ ಉಣ್ಣುವುದು. ಇಂಥ ಕಸುಬು ಹಿಡಿದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

೧. ಜಟಕಾ ವಿದ್ಯೆ

ನಮ್ಮ ತಂದೆ ಊರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಊರ ಶಾಲೆಯಲ್ಲಿ ನಾನು ಕಲಿತದ್ದಕ್ಕಿಂತ ಅವರ ಕುದುರೆಯ ಪಕ್ಕದಲ್ಲಿ ಕಲಿತದ್ದೇ ಮುಂದೆ ಅನ್ನ ಹಾಕಿತು. ಮಲೇಷಿಯಾಕ್ಕೆ ಬಂದದ್ದೂ ಕುದುರೆ ಲಾಯದ ಕೆಲಸಕ್ಕೇ. ಹೆಂಡತಿ, ಮಗಳು, ನಾನು ಪುಚೊಂಗ್‌ನ ಒಂದು ಸಾಲುಮನೆಯಲ್ಲಿದ್ದೇವೆ.

ಒಂದು ದಿನ ಲಾಯಕ್ಕೆ ಒಬ್ಬ ತಮಿಳು ನಿರ್ದೇಶಕರು ಬಂದರು. ಕಡಿಮೆ ಖರ್ಚಿನಲ್ಲಿ ಇಂಗ್ಲಿಷ್ ಕೌಬಾಯ್ ಸಿನಿಮಾ ತೆಗೆದು ಇಂಟರ್‌ನೆಟ್ಟಿಗೆ ಬಿಡುವುದು ಅವರ ಉದ್ಯೋಗ. ನನ್ನ ಮೀಸೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಕುದುರೆ ಹತ್ತೋಕೆ ಬರುತ್ತಾ ಅಂಕಲ್?"

"ಬರುತ್ತೆ ಸಾರ್."

"ಬೀಳೋಕೆ?"

"ಅದನ್ನ ಯಾರೂ ಕಲಿಸಬೇಕಾಗಿಲ್ಲ."

ಅಷ್ಟಕ್ಕೇ ಕೆಲಸ ಸಿಕ್ಕಿತು. ಮೊದಲ ದಿನ ಟೋಪಿ, ಚರ್ಮದ ಕೋಟು, ಬೂಟು ಎಲ್ಲ ಹಾಕಿ, ಇಲ್ಲಿಯ ಧಗೆಯಲ್ಲಿ ಅರ್ಧ ಬೆಂದು, ಬ್ಯಾಂಕು ಲೂಟಿ ಮಾಡಿ ಓಡುವ ದರೋಡೆಕೋರನಾದೆ. ಕುದುರೆ ಏರಿದ್ದೇ ತಂದೆಯವರ ವರಸೆ ತಾನಾಗಿ ಬಂತು. "ಹೈ, ಹೈ, ಬದಿಗ್ ಬನ್ನೀ, ಬದಿಗ್ ಬನ್ನೀ" ಎಂದು ಕೂಗುತ್ತಾ ಹೋದೆ. ನಿರ್ದೇಶಕರು ನಿಲ್ಲಿಸಿ, ಅದರರ್ಥವೇನು ಎಂದು ಕೇಳಿದರು. ಹೇಳಿದೆ.

"ಅಂಕಲ್, ನೀವು ದರೋಡೆಕೋರ. ದಾರಿ ಬಿಡಿ ಅಂತ ಜನರನ್ನ ಕೇಳ್ಕೋತೀರಾ?"

"ದುಡ್ಡು ದೋಚಿದ್ದಾಯ್ತಲ್ಲ ಸಾರ್. ಇನ್ನು ಯಾರ ಕಾಲಾದ್ರೂ ಯಾಕೆ ಮುರೀಬೇಕು?"

೨. ತಲೆ ಯಾವ ಕಡೆಗೆ

ನಮ್ಮ ಅಮೆರಿಕ ಇರುವುದು ನಿಲಾಯ್ ಕಡೆಗೆ ಹೋಗುವ ದಾರಿಯಲ್ಲಿ. ಹಳೆಯ ತವರದ ಗಣಿಯ ಮರಳು ಬಯಲು. ಒಂದು ಕಡೆ ತಾಳೆ ತೋಟ, ಇನ್ನೊಂದು ಕಡೆ ಹೆದ್ದಾರಿಯ ಟೋಲ್ ಗೇಟು. ಎರಡೂ ಕ್ಯಾಮರಾಕ್ಕೆ ಬೀಳಬಾರದು. ಹಾಗಾಗಿ ಸಾಯುವವರೆಲ್ಲ ಒಂದೇ ಕಡೆಗೆ ತಲೆ ಹಾಕಿ ಸಾಯಬೇಕು. ದೈವಸಂಕಲ್ಪ ಏನೋ, ಅದು ಉತ್ತರ.

ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂದು ತಿಳಿಯದವರು ನಮ್ಮ ಮನೆಯಲ್ಲಿ ಹುಟ್ಟಿಯೇ ಇಲ್ಲ. ಎದೆಗೆ ಗುಂಡು ಬಿತ್ತು. ನಾನು ಒಂದು ಕೈಯಿಂದ ಎದೆ ಹಿಡಿದುಕೊಂಡು, ಸೂರ್ಯನನ್ನು ನೋಡಿ ದಿಕ್ಕು ಗೊತ್ತುಮಾಡಿಕೊಂಡು, ಅರ್ಧ ಸುತ್ತು ತಿರುಗಿ, ಪೂರ್ವಕ್ಕೆ ತಲೆ ಹಾಕಿ ಬಿದ್ದೆ. ಮತ್ತೆ ತೆಗೆದರು. ಮತ್ತೆ ಪೂರ್ವಕ್ಕೇ ಬಿದ್ದೆ.

"ಅಂಕಲ್, ಸತ್ತವನಿಗೆ ಯಾವ ದಿಕ್ಕಾದ್ರೇನು ಲಾ?" ಎಂದು ನಿರ್ದೇಶಕರು ಇಲ್ಲಿಯವರ ರಾಗದಲ್ಲಿ ಕೇಳಿದರು.

"ಉತ್ತರಕ್ಕೆ ತಲೆ ಹಾಕಿದ್ರೆ ನಿಜವಾಗಿ ಸತ್ತಂಗೆ ಸಾರ್."

"ನನಗೆ ಬೇಕಾಗಿರೋದೂ ಅದೇ."

ನಾನು ಒಪ್ಪಲಿಲ್ಲ. ಹೊತ್ತು ಏರಿತು. ಕೊನೆಗೆ ಅವರೇ ಕ್ಯಾಮರಾ ತಿರುಗಿಸಿದರು. ಸಿನಿಮಾದಲ್ಲಿ ನನ್ನ ಹೆಣದ ಹಿಂದೆ ಟೋಲ್ ಗೇಟು ಸ್ಪಷ್ಟವಾಗಿ ಕಾಣುತ್ತದೆ. ಯಾರೋ ಕೇಳಿದ್ದಕ್ಕೆ ನಿರ್ದೇಶಕರು ಶಾಂತವಾಗಿ, "ಸುಂಕ ಅನ್ನೋದು ಆ ಕಾಲದಲ್ಲೂ ಇತ್ತು" ಎಂದರಂತೆ.

೩. ಬಾಗಿಲಲ್ಲಿ ಬಕೆಟ್ಟು

ಆ ಸಿನಿಮಾವನ್ನು ಮಗಳು ಫೋನಿನಲ್ಲಿ ಅಮ್ಮನಿಗೆ ತೋರಿಸಿದಳು. ಮಗಳು ಇಲ್ಲೇ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. "ಅಪ್ಪಾ, ಯು ಡೈಡ್ ಸೋ ಫಾಸ್ಟ್" ಎಂದಳು. ಅವಳಮ್ಮ ಮಾಂಗಲ್ಯವನ್ನು ಕಣ್ಣಿಗೊತ್ತಿಕೊಂಡು ಎದ್ದು ದೇವರ ಮುಂದೆ ಹೋಗಿ ಕುಳಿತಳು. ಆಮೇಲೆ ಬಂದು ಹೇಳಿದಳು:

"ನೀವು ಕೊನೇ ತನಕ ಬದುಕಿರೋ ಸಿನಿಮಾ ಬಂದ ದಿನ ನೋಡ್ತೀನಿ. ಅಲ್ಲೀ ತನಕ ನನ್ನ ಕರೀಬೇಡಿ."

ಅಂದಿನಿಂದ ನನಗೂ ಅದೊಂದೇ ಆಸೆಯಾಯಿತು. ಜಗತ್ತೆಲ್ಲ ನೋಡದಿದ್ದರೂ ಚಿಂತೆಯಿಲ್ಲ, ಇವಳು ಒಂದು ಸಲ ಮುಂದೆ ಕೂತು ನೋಡಬೇಕು. ಆದರೆ ನಿರ್ದೇಶಕರಿಗೆ ನನ್ನ ಮುಖ ಸಾಯುವುದಕ್ಕೆ ಹೇಳಿ ಮಾಡಿಸಿದಂತೆ ಕಂಡಿತ್ತು. ಒಂದರಲ್ಲಿ ಗುಂಡು, ಒಂದರಲ್ಲಿ ಹಗ್ಗ, ಮತ್ತೊಂದರಲ್ಲಿ ಹಾವು.

ಸತ್ತು ಬಂದ ದಿನ ನನಗೆ ನೇರವಾಗಿ ಒಳಗೆ ಪ್ರವೇಶವಿಲ್ಲ. ಬಾಗಿಲಲ್ಲಿ ಬಕೆಟ್ಟು ಇಟ್ಟಿರುತ್ತಾಳೆ. ಅಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು, ಆರತಿ ಎತ್ತಿಸಿಕೊಂಡು ಒಳಗೆ ಹೋಗಬೇಕು. ಪಕ್ಕದ ಮನೆಯ ಚೀನೀ ಅಜ್ಜಿ ಮೊದಮೊದಲು ಗಾಬರಿಯಾದರು. ಮಗಳು ವಿವರಿಸಿದ ಮೇಲೆ ರೂಢಿಯಾಯಿತು. ಒಂದು ಸಂಜೆ ಚಿತ್ರೀಕರಣವಿಲ್ಲದೆ ಒಣಗಿದ ತಲೆಯಲ್ಲೇ ಮನೆಗೆ ಬಂದೆ. ಅಜ್ಜಿ ಬೇಲಿಯಾಚೆಯಿಂದ ಮರುಕದಿಂದ ಕೇಳಿದರು:

"ಇವತ್ತು ಸಾಯಲಿಲ್ವಾ ಅಂಕಲ್? ಕೆಲಸ ಹೋಯ್ತಾ?"

೪. ಫೋಟೋ ಕುದುರೆ

ಒಮ್ಮೆ ನಮ್ಮ ಲಾಯದ ಕುದುರೆಗಳು ಬಾಡಿಗೆಗೆ ಸಿಗದೆ, ಸಮುದ್ರತೀರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುವ ಎರಡು ಕುದುರೆಗಳನ್ನು ತರಿಸಿದರು. ಮುಂದೆ ನಾನು ಓಡಬೇಕು, ಹಿಂದೆ ನಾಯಕ ಅಟ್ಟಿಸಿಕೊಂಡು ಬರಬೇಕು.

ನನ್ನ ಕುದುರೆ ಚೆನ್ನಾಗಿಯೇ ಹೊರಟಿತು. ಸ್ವಲ್ಪ ದೂರ ಹೋಗಿ ನಿಂತು, ಕತ್ತನ್ನು ಅಂದವಾಗಿ ಎತ್ತಿತು. ಹಿಂದಿನದೂ ಬಂದು ಪಕ್ಕದಲ್ಲೇ ನಿಂತು ಕತ್ತೆತ್ತಿತು. ಕಳ್ಳನೂ ಪೊಲೀಸನೂ ಮದುವೆ ಆರತಕ್ಷತೆಯಲ್ಲಿ ನಿಂತಂತೆ ಒಬ್ಬರ ಪಕ್ಕ ಒಬ್ಬರು. ಜಟಕಾ ವಿದ್ಯೆ, ಹುಲ್ಲು, ಬೆಲ್ಲ, ಯಾವುದಕ್ಕೂ ಜಗ್ಗಲಿಲ್ಲ.

ಚಿತ್ರತಂಡದ ಅಡುಗೆಯವನು ಮೋಜಿಗೆಂದು ಮೊಬೈಲು ತೆಗೆದು ಒಂದು ಫೋಟೋ ಹೊಡೆದ. ಕ್ಲಿಕ್ ಎಂದಿತೋ ಇಲ್ಲವೋ, ಎರಡೂ ಕುದುರೆಗಳು ತಮ್ಮ ಪಾಡಿಗೆ ಹೊರಟವು. ಆಮೇಲೆ ದಾರಿಯುದ್ದಕ್ಕೂ ಬಂಡೆಗಳ ಹಿಂದೆ ಒಬ್ಬೊಬ್ಬರನ್ನು ಮೊಬೈಲು ಕೊಟ್ಟು ಕೂರಿಸಿಯೇ ಆ ಚೇಸು ಮುಗಿಸಿದ್ದು. ಆ ಸಿನಿಮಾದಲ್ಲಿ ಕುದುರೆಗಳ ಅಭಿನಯ ಸಹಜವಾಗಿದೆ ಎಂದು ಎಲ್ಲರೂ ಮೆಚ್ಚಿದರು.

೫. ಆಯುಷ್ಯಕ್ಕೊಂದು ಅರ್ಚನೆ

ಸತ್ತೂ ಸತ್ತೂ ಬೇಸರವಾಗಿ, ದೇವರಿಗೇ ಹೇಳಿಕೊಳ್ಳೋಣವೆಂದುಕೊಂಡೆ. ಶನಿವಾರ. ಚಿತ್ರೀಕರಣ ತಡವಾಯಿತು, ಮಧ್ಯಾಹ್ನ ಪೆರುಮಾಳ್ ಗುಡಿಯ ಬಾಗಿಲು ಹಾಕುತ್ತಾರೆ. ಬಟ್ಟೆ ಬದಲಿಸಲು ಹೊತ್ತಿಲ್ಲದೆ ವೇಷದಲ್ಲೇ ಓಡಿದೆ.

ಚಪ್ಪಲಿ ಕಾಯುವ ತಮಿಳು ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೂಟಿಗೆ ಒಂದು ಟೋಕನ್ ಕೊಟ್ಟರು. ಮರದ ಪಿಸ್ತೂಲು ಮುಂದಿಟ್ಟಾಗ, ಏನೂ ಆಗದವರಂತೆ ಅದಕ್ಕೂ ಒಂದು ಟೋಕನ್ ಕೊಟ್ಟು, "ಟೋಪಿ ಕಂಕುಳಲ್ಲೇ ಇಟ್ಕೋಪ್ಪಾ, ಜಾಗ ಇಲ್ಲ" ಎಂದರು.

ಅರ್ಚಕರು ಗೋತ್ರ, ನಕ್ಷತ್ರ ಕೇಳಿದರು. ಸಂಕಲ್ಪ ಏನೆಂದು ಕೇಳಿದರು.

"ಇನ್ನು ಮೇಲಾದ್ರೂ ಸಾಯಬಾರದು ಸ್ವಾಮಿ."

ಅವರ ಮುಖ ಸಣ್ಣಗಾಯಿತು. ತಟ್ಟೆ ಕೆಳಗಿಟ್ಟು, ದನಿ ತಗ್ಗಿಸಿ, "ಕಾಯಿಲೆ ಯಾವುದಪ್ಪಾ?" ಎಂದರು.

"ಕಾಯಿಲೆ ಅಲ್ಲ ಸ್ವಾಮಿ, ನಿರ್ದೇಶಕರು."

೬. ಕೊನೆಯ ದೃಶ್ಯ

ದೇವರು ದೊಡ್ಡವನು. ಮುಂದಿನ ಸಿನಿಮಾಕ್ಕೆ ನಿರ್ದೇಶಕರು ತಾವಾಗಿಯೇ ಹೇಳಿದರು: "ನಿಮ್ಮನ್ನ ಸಾಯಿಸೋಕೆ ಅರ್ಧ ದಿನ ಹೋಗುತ್ತೆ ಅಂಕಲ್. ದಿಕ್ಕು ಹುಡುಕಿ ಹುಡುಕಿ ನನಗೆ ಸಾಕಾಯ್ತು. ಬದುಕಿಸೋದೇ ಸಸ್ತಾ." ಒಂಟಿ ರೈತನ ಪಾತ್ರ. ಗುಂಡು ತಗಲುತ್ತದೆ, ಆದರೆ ಭುಜಕ್ಕೆ.

ಹತ್ತಿರದ ಸಮುದಾಯ ಭವನದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಿದರು. ನನ್ನವಳು ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕುಳಿತಳು. ನಮ್ಮಿಬ್ಬರ ನಡುವೆ ಮಗಳು, ಇಂಗ್ಲಿಷ್ ಮಾತನ್ನು ಅಮ್ಮನಿಗೆ ಬಿಡಿಸಿ ಹೇಳಲು. ಗುಂಡು ಹಾರಿದಾಗಲೆಲ್ಲ ಇವಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಕೊನೆಗೆ ದುಷ್ಟರೆಲ್ಲ ಬಿದ್ದು, ಧೂಳು ಅಡಗಿ, ಭುಜಕ್ಕೆ ಪಟ್ಟಿ ಕಟ್ಟಿಕೊಂಡು ನಾನೊಬ್ಬನೇ ನಿಂತಿದ್ದೆ. ಇವಳು ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿ, "ಬದುಕಿದಿರಿ" ಎಂದಳು.

ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಇನ್ನೊಂದು ದೃಶ್ಯ ಉಳಿದಿತ್ತು. ಪಕ್ಕದ ಜಮೀನಿನ ವಿಧವೆ ನನಗೆ ಒಂದು ಲೋಟ ಕಾಫಿ ತಂದುಕೊಡುತ್ತಾಳೆ. ನಾನು ಗುಟುಕರಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಒಂದು ಉದ್ದನೆಯ ಮಾತು ಹೇಳುತ್ತೇನೆ.

"ಏನಂತಿದಾರೆ?" ಎಂದು ಇವಳು ಮಗಳನ್ನು ಕೇಳಿದಳು.

"ಇಷ್ಟು ಒಳ್ಳೆ ಕಾಫಿ ಲೈಫಲ್ಲೇ ಕುಡಿದಿಲ್ಲ ಅಂತ."

ಮನೆಗೆ ಬಂದ ಮೇಲೆ ಇವಳು ಕಾಫಿ ಮಾಡಿ ತಂದಳು. ದಿನವೂ ಕೊಟ್ಟು ಒಳಗೆ ಹೋಗುವವಳು ಅಂದು ಅಲ್ಲೇ ನಿಂತಳು. ನಾನು ಕುಡಿದು ಲೋಟ ಕೆಳಗಿಟ್ಟೆ. ಇನ್ನೂ ನಿಂತೇ ಇದ್ದಳು.

"ಏನು?" ಎಂದೆ.

"ಏನಿಲ್ಲ. ಮದುವೆಯಾದಾಗಿಂದ ಕೊಡ್ತಾ ಇದೀನಿ. ಸಕ್ಕರೆ ಕಮ್ಮಿ ಅಂದಿದೀರಿ, ತಣ್ಣಗಾಗಿದೆ ಅಂದಿದೀರಿ. ಬೇರೆ ಏನಾದ್ರೂ ಅಂದಿದೀರಾ ಅಂತ ಯೋಚನೆ ಮಾಡ್ತಿದ್ದೆ."

"ಅದು ನಟನೆ ಕಣೇ. ನಿಜ ಹೇಳ್ಬೇಕು ಅಂದ್ರೆ ಆ ಲೋಟದಲ್ಲಿ ಕಾಫಿಯೇ ಇರ್ಲಿಲ್ಲ. ಖಾಲಿ ಲೋಟ."

ಇದರಿಂದ ಸಮಾಧಾನವಾದೀತು ಎಂದುಕೊಂಡೆ. ಇವಳು ಲೋಟ ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ಹೋಗಿ, ತಿರುಗಿ ನಿಂತಳು.

"ಖಾಲಿ ಲೋಟ ಕೊಟ್ಟವಳನ್ನೇ ಅಷ್ಟು ಹೊಗಳಿದಿರಾ?"